ಮೇಣದ ಬೊಂಬೆಯ ಫೋಟೋ ಚೆನ್ನಾಗಿ ಬರಬೇಕಾ?

ಮೊದಲು ಫ್ಲ್ಯಾಶ್ ಆಫ್ ಮಾಡಿ. ಫೋನನ್ನು ಬೊಂಬೆಯ ಕಣ್ಣಿನ ಎತ್ತರಕ್ಕೆ ಹಿಡಿದು, ಅದು ಕ್ಯಾಮೆರಾವನ್ನೇ ನೋಡುತ್ತಿದೆ ಅನ್ನಿಸುವವರೆಗೆ ಆಚೀಚೆ ಸರಿಯಿರಿ. ಬೊಂಬೆಯ ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ. ಎರಡು ಹೆಜ್ಜೆ ತಪ್ಪಿದರೂ ಮುಖ ಪೆಚ್ಚಾಗಿ ಕಾಣುತ್ತದೆ. ಮೇಣ ನಮ್ಮ ಚರ್ಮದಂತೆ ಬೆಳಕನ್ನು ಸ್ವಲ್ಪ ಒಳಗೆ ಬಿಟ್ಟುಕೊಳ್ಳುತ್ತದೆ, ಅದಕ್ಕೇ ಅಷ್ಟು ಜೀವಂತ ಅನ್ನಿಸುವುದು. ಎದುರಿನಿಂದ ಫ್ಲ್ಯಾಶ್ ಬಿದ್ದರೆ ಹಣೆ, ಮೂಗಿನ ತುದಿ ಎಣ್ಣೆ ಸವರಿದ ಹಾಗೆ ಮಿಂಚುತ್ತವೆ, ಅಷ್ಟೇ. ಲಂಡನ್ನಿನ ಮೇಡಂ ಟುಸ್ಸಾಡ್ಸ್‌ನಂಥ ಮೇಣದ ಮ್ಯೂಸಿಯಂಗಳಲ್ಲಿ, ಪೋಸ್ ಕೊಟ್ಟು ನಿಂತ ಬೊಂಬೆಗಳಿಗೆ ಹೀಗೆ ಕಣ್ಣಿಗೆ ಕಣ್ಣು ಕೂಡಿಸಿ ತೆಗೆಯುವುದು ಸರಿ. ಮೈಸೂರಿನ ಮೆಲೊಡಿ ವರ್ಲ್ಡ್‌ನಲ್ಲಿ ವಾದ್ಯ ನುಡಿಸುವ ಬೊಂಬೆಗಳೇ ಜಾಸ್ತಿ ಅಲ್ವಾ, ಅಲ್ಲಿ ನೋಟ ಸಿಗದಿದ್ದರೆ ಸುಮ್ನೆ ಒದ್ದಾಡಬೇಡಿ. ವಾದ್ಯದ ಮೇಲಿರುವ ಬೆರಳುಗಳನ್ನು ಪಕ್ಕದಿಂದ ಹತ್ತಿರ ಹೋಗಿ ತೆಗೆಯಿರಿ.