ಅತ್ತೆ ಈಗ ನನ್ನ ಬೆಲ್ಟನ್ನೇ ಚೆಕ್ ಮಾಡ್ತಾರೆ

ಮಗುವಿನ ಕಾರ್ ಸೀಟ್ ವಿಷಯ ನಮ್ಮ ಮನೆಯಲ್ಲಿ ಸರಿಹೋಗಲು ಸುಮಾರು ಐದು ತಿಂಗಳು ಹಿಡಿಯಿತು. "ನಿನ್ನ ಅತ್ತೆ ಮಾವನನ್ನು ತಿದ್ದೋಕೆ ಹೋಗಬೇಡ ಕಣೇ, ಮನಸ್ತಾಪ ಒಂದೇ ಉಳಿಯೋದು" ಎಂದು ಅಕ್ಕ ಮೊದಲೇ ಹೇಳಿದ್ದಳು. ಇವರಂತೂ "ಅಮ್ಮ ಒಪ್ಪಲ್ಲ, ಹುಟ್ಟಿದಾಗಿಂದ ನೋಡ್ತಿದ್ದೀನಿ" ಎಂದು ಕೈ ತೊಳೆದುಕೊಂಡರು. ಅಮ್ಮ ಒಪ್ಪಿದರು. ಈಗ ಇವರು ಆಫೀಸಿನಲ್ಲಿ ಅದನ್ನು ತಮ್ಮದೇ ಐಡಿಯಾ ಅನ್ನೋ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯಲು ಕೂತೆ.

ಸೀಟ್ ಕಟ್ಟೋದು ಹೇಗೆ ಅಂತ ನಿಮಗೆ ಹೇಳಬೇಕಿಲ್ಲ. ಹಿಂದಕ್ಕೆ ಮುಖ ಮಾಡಿದ ಸೀಟಾದರೆ ಪಟ್ಟಿ ಭುಜದ ಮಟ್ಟದಿಂದ ಇಲ್ಲವೇ ಅದಕ್ಕಿಂತ ಕೆಳಗಿನಿಂದ ಬರಬೇಕು, ಎರಡೂ ಪಟ್ಟಿಗಳನ್ನು ಎದೆಯ ಮೇಲೆ ಜೋಡಿಸೋ ಕ್ಲಿಪ್ ಕಂಕುಳ ಮಟ್ಟಕ್ಕಿರಬೇಕು, ಭುಜದ ಹತ್ತಿರ ಪಟ್ಟಿ ಚಿವುಟಿದರೆ ಬೆರಳಿಗೆ ಸಿಗಬಾರದು. ಇಷ್ಟು ನಮಗೆಲ್ಲ ಬಾಯಿಪಾಠ. ಕಷ್ಟ ಇರೋದು ಅದನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸೋದರಲ್ಲಿ. ಅದೂ ಆ ಇನ್ನೊಬ್ಬರು ನಮಗಾಗಿ ಸುಮ್ನೆ, ಬಿಡಿಗಾಸು ತಗೊಳ್ಳದೆ ಮಗು ನೋಡಿಕೊಳ್ಳುವಾಗ!

ಮಗುವಿಗೆ ನಾಲ್ಕು ತಿಂಗಳಾದಾಗ ನಾನು ಕೆಲಸಕ್ಕೆ ವಾಪಸ್ ಹೋದೆ. ವಾರಕ್ಕೆ ಮೂರು ದಿನ ಅತ್ತೆ ಮಾವ ಬಂದು ತಮ್ಮ ಕಾರಿನಲ್ಲಿ ಮಗುವನ್ನು ಕರೆದುಕೊಂಡು ಹೋಗುತ್ತಿದ್ದರು. ಮೊದಲ ದಿನವೇ ಗೇಟಿನ ಹತ್ತಿರ ನಿಂತು ನೋಡಿದೆ. ಪಟ್ಟಿಯ ಕೆಳಗೆ ದಪ್ಪ ಹೊದಿಕೆ. ಕ್ಲಿಪ್ ಹೊಟ್ಟೆಯ ಮೇಲೆ. ಪಟ್ಟಿ ಎಷ್ಟು ಸಡಿಲ ಅಂದರೆ ನನ್ನ ಇಡೀ ಅಂಗೈ ಒಳಗೆ ಹೋಗುತ್ತಿತ್ತು. ಕೆಳಗಿನ ಬೇಸ್ ಬೇರೆ ಜೋಲಿ ಹೊಡೆಯುತ್ತಿತ್ತು.

ನಾನು ಮಾಡಿದ ಮೊದಲ ತಪ್ಪು ಏನು ಗೊತ್ತಾ? ನಾಲ್ಕನ್ನೂ ಅಲ್ಲೇ, ಮಾವನ ಎದುರಿಗೇ, ಒಂದೇ ಉಸಿರಿಗೆ ಹೇಳಿದ್ದು. ಅತ್ತೆ ನಿಧಾನಕ್ಕೆ ನನ್ನ ಕಡೆ ತಿರುಗಿ, "ಮೂರು ಮಕ್ಕಳನ್ನು ಸಾಕಿದ್ದೀನಿ ಕಣಮ್ಮ. ಆಗ ಯಾವ ಸೀಟಿತ್ತು?" ಎಂದರು. ಅದಕ್ಕೆ ಏನು ಹೇಳೋದು? ಆವತ್ತು ಕಾರಿನ ಬಾಗಿಲು ಹಾಕಿದ ಸದ್ದು ಸ್ವಲ್ಪ ಜೋರಾಗೇ ಇತ್ತು.

ಆಮೇಲೆ ಕ್ರ್ಯಾಶ್ ಟೆಸ್ಟ್ ವಿಡಿಯೋಗಳನ್ನು ಕಳಿಸಿದೆ. ಅತ್ತೆ ಒಂದನ್ನು ನೋಡಿ ಕಣ್ಣೀರು ಹಾಕಿದರು. ಎರಡು ದಿನ ಪಟ್ಟಿ ಗಟ್ಟಿಯಾಗಿತ್ತು. ಮೂರನೇ ದಿನ ಮತ್ತೆ ಅದೇ ಅಂಗೈ ಅಗಲದ ಸಡಿಲ. ಹೆದರಿಸಿ ಮಾಡಿಸಿದ್ದು ಹೆಚ್ಚು ದಿನ ಬಾಳಲಿಲ್ಲ. ಮ್ಯಾನ್ಯುಯಲ್‌ನ ಒಂದು ಪುಟ ಪ್ರಿಂಟ್ ಹಾಕಿಸಿ, ಕೆಂಪು ಬಾಣ ಎಳೆದು, ಕಾರಿನಲ್ಲಿ ಇಟ್ಟೆ. ವಾರ ಬಿಟ್ಟು ನೋಡಿದರೆ ಅದರ ಹಿಂದೆ ಮಾವ ಯಾರದೋ ಫೋನ್ ನಂಬರ್ ಬರೆದುಕೊಂಡಿದ್ದರು.

ದುಡ್ಡಿನ ಕಥೆ ಇನ್ನೂ ಚೆನ್ನಾಗಿದೆ. ಪಟ್ಟಿ ಮಗುವಿನ ಕುತ್ತಿಗೆಗೆ ಒತ್ತುತ್ತೆ ಅಂತ ಅತ್ತೆ ಹೇಳುತ್ತಿದ್ದರು. ಅದಕ್ಕೆ ಮೆತ್ತನೆಯ ಪಟ್ಟಿ ಕವರ್ ಕೊಂಡೆ, ತಲೆಗೊಂದು ದಿಂಬು ಕೊಂಡೆ, ಹಿಂದಿನ ಸೀಟ್ ನೋಡೋಕೆ ಒಂದು ಕನ್ನಡಿಯನ್ನೂ ಕೊಂಡೆ. ಎಲ್ಲ ಹಾಕಿದ ಮೇಲೆ ಮ್ಯಾನ್ಯುಯಲ್ ತೆರೆದರೆ, ಸೀಟಿನ ಜೊತೆ ಬರದ ಯಾವುದನ್ನೂ ಬಳಸಬೇಡಿ ಎಂದಿದೆ. ಸೀಟನ್ನು ಪರೀಕ್ಷೆ ಮಾಡುವಾಗ ಅವು ಇರಲಿಲ್ಲವಲ್ಲ. ಪ್ಯಾಕೆಟ್ ಒಡೆದಿದ್ದರಿಂದ ವಾಪಸ್ಸೂ ತಗೊಳ್ಳಲಿಲ್ಲ. ಸೀಟಿನ ಬೆಲೆಯ ಕಾಲು ಭಾಗ ಹೀಗೇ ನೀರಿನಲ್ಲಿ ಹೋಮ. ದಿಂಬು ಈಗ ಬೆಕ್ಕಿನ ಪಾಲಾಗಿದೆ.

ಒಂದು ದಿನ ಮಾತ್ರ ನಯ ಗಿಯ ಏನೂ ಇರಲಿಲ್ಲ. ಮಗು ಹಿಂದೆ ಒಂದೇ ಅಳುತ್ತೆ ಅಂತ ಮಾವ ಸೀಟನ್ನು ಮುಂದಿನ ಸೀಟಿಗೆ ತಂದು ಇಟ್ಟಿದ್ದರು. ಎದುರಿಗೆ ಏರ್‌ಬ್ಯಾಗ್. ಅದು ಬಿಚ್ಚಿಕೊಂಡರೆ ನೇರ ಮಗುವಿನ ತಲೆಯ ಹಿಂದಿರೋ ಸೀಟಿನ ಚಿಪ್ಪಿಗೇ ಬಡಿಯುತ್ತದೆ. ಏನೂ ಮಾತಾಡದೆ ಸೀಟ್ ತೆಗೆದು ಹಿಂದೆ ಹಾಕಿದೆ. "ಇದೊಂದು ಮಾತ್ರ ಆಗಲ್ಲ ಮಾವ, ಬೇಕಾದರೆ ನಾನು ರಜಾ ಹಾಕ್ತೀನಿ" ಎಂದೆ. ಹತ್ತು ದಿನ ಮಾತುಕತೆ ಇಲ್ಲ. ಆ ಹತ್ತು ದಿನ ಮಗುವನ್ನು ಕರೆದುಕೊಂಡು ಹೋಗಿಬರೋಕೆ ಟ್ಯಾಕ್ಸಿಗೆ ಕೊಟ್ಟ ದುಡ್ಡು ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಆದರೂ ಅದನ್ನು ಮತ್ತೆ ಹಾಗೇ ಹೇಳುತ್ತೇನೆ. ಅದಕ್ಕೆ ಒಳ್ಳೆಯ ಗಳಿಗೆ ಕಾಯುವ ಹಾಗಿಲ್ಲ.

ದಾರಿ ಸಿಕ್ಕಿದ್ದು ಒಂದು ಸಂಜೆ. ಅತ್ತೆ ಮಗುವನ್ನು ಸೀಟಿನಿಂದ ಎತ್ತಿಕೊಂಡು, ಭುಜದ ಮೇಲಿದ್ದ ಪಟ್ಟಿಯ ಗೆರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತಿದ್ದರು. ಬಟ್ಟೆಯ ಮಡಿಕೆ ಒತ್ತಿ ಬಿದ್ದ ಗೆರೆ ಅದು. ಅವರು ಅದರ ಮೇಲೆ ಊದುತ್ತಿದ್ದರು. ಥೂ, ಇಷ್ಟು ದಿನ ನನಗೆ ಇದು ಹೊಳೆಯಲಿಲ್ಲವಲ್ಲ ಅನ್ನಿಸಿತು. ಅವರು ಉದಾಸೀನದಿಂದ ಸಡಿಲ ಮಾಡುತ್ತಿರಲಿಲ್ಲ. ಮಗುವನ್ನು ಪಟ್ಟಿಯಿಂದ ಕಾಪಾಡುತ್ತಿದ್ದರು.

ಆವತ್ತು ನಾನು ತಪ್ಪಿನ ಮಾತೇ ಎತ್ತಲಿಲ್ಲ. "ಅತ್ತೆ, ಈ ಗೆರೆ ನಂಗೂ ನೋಡೋಕಾಗ್ತಿಲ್ಲ. ನಾನು ಕೂರಿಸೋದೇ ಸರಿ ಇಲ್ಲ ಅನ್ಸುತ್ತೆ, ಸ್ವಲ್ಪ ನೋಡಿ" ಎಂದೆ. ಸುಳ್ಳೇನಲ್ಲ. ಮೊದಲ ತಿಂಗಳು ನಾನೇ ಪಟ್ಟಿ ತಿರುಚಿ ಹಾಕುತ್ತಿದ್ದೆ. 2011ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಲೆಕ್ಕ ಹಾಕಿದಾಗ ಮಕ್ಕಳ ಸೀಟುಗಳಲ್ಲಿ ಶೇ. 46ರಷ್ಟು ತಪ್ಪಾಗಿ ಬಳಕೆಯಲ್ಲಿದ್ದವಂತೆ ಎಂದೂ ಹೇಳಿದೆ. "ಹತ್ತಿರ ಹತ್ತಿರ ಅರ್ಧ!" ಎಂದರು ಅತ್ತೆ. ಮುಖದಲ್ಲಿ ಎಷ್ಟು ಸಮಾಧಾನ!

ಇಬ್ಬರೂ ನೆಲದ ಮೇಲೆ ಸೀಟ್ ಇಟ್ಟುಕೊಂಡು ಕೂತೆವು. ಮಗುವಿನ ಕುಂಡಿ ಹಿಂದಕ್ಕೆ ಪೂರ್ತಿ ತಾಗುವ ಹಾಗೆ ಕೂರಿಸಿ, ಮೊದಲು ತೊಡೆಯ ಹತ್ತಿರದ ಸಡಿಲವನ್ನು ಮೇಲಕ್ಕೆ ಎಳೆದು, ಆಮೇಲೆ ಮುಂದಿನ ಪಟ್ಟಿ ಜಗ್ಗಿದೆವು. ಕಾಲರ್ ಮಡಿಕೆ ಬಿಡಿಸಿದ್ದು ಅತ್ತೆಯೇ. ಗೆರೆ ಬೀಳಲಿಲ್ಲ. ಅಳುವ ಮಗುವನ್ನು ಕೂರಿಸುವಾಗ ನಾನು ಮಾಡೋ ಒಂದು ಕೈಚಳಕ ಇದೆ, ಅದನ್ನು ಅತ್ತೆಗೆ ಮಾತ್ರ ಹೇಳಿಕೊಟ್ಟಿದ್ದೇನೆ. ಇಲ್ಲಿ ಬರೆಯಲ್ಲ.

ಹೊದಿಕೆಗೆ ಬೇರೆ ಪ್ರಯೋಗ ಮಾಡಿದೆ. ದಪ್ಪ ಜಾಕೆಟ್ ಹಾಕಿಯೇ ಕೂರಿಸಿ ಪಟ್ಟಿಯನ್ನು ಚೆನ್ನಾಗಿ ಬಿಗಿ ಮಾಡಲು ಅತ್ತೆಗೇ ಹೇಳಿದೆ. ಆಮೇಲೆ ಪಟ್ಟಿಯ ಉದ್ದ ಮುಟ್ಟದೆ, ಬಕಲ್ ಬಿಚ್ಚಿ, ಜಾಕೆಟ್ ತೆಗೆದು, ಮತ್ತೆ ಹಾಕಿದೆವು. ಅತ್ತೆ ಕೈ ತೂರಿಸಿ ನೋಡಿದರು. ನಾಲ್ಕು ಬೆರಳು ಆರಾಮಾಗಿ ಹೋಯಿತು. "ಇಷ್ಟೆಲ್ಲ ಬರೀ ಗಾಳೀನಾ?" ಎಂದರು. ನಾನು ಒಂದು ಮಾತೂ ಸೇರಿಸಲಿಲ್ಲ, ಇದಕ್ಕೆ ಎಷ್ಟು ಕಷ್ಟಪಟ್ಟೆ ಅಂತ ನನಗೇ ಗೊತ್ತು. ಮರುದಿನದಿಂದ ಹೊದಿಕೆ ಪಟ್ಟಿಯ ಮೇಲೆ ಬಂತು.

ಆಮೇಲೆ ಒಂದು ಕೆಲಸ ಒಪ್ಪಿಸಿದೆ. ಯಾರೇ ಕೂರಿಸಲಿ, ಕೊನೆಗೆ ಚಿವುಟಿ ನೋಡೋದು ಅತ್ತೆ. ಅವರು "ಹೂಂ" ಅಂದ ಮೇಲೇ ಕಾರು ಸ್ಟಾರ್ಟ್. ಎರಡು ಸಲ ನಾನು ಬೇಕಂತಲೇ ಪಟ್ಟಿ ಸ್ವಲ್ಪ ಸಡಿಲ ಬಿಟ್ಟೆ, ಕಾರು ನಿಂತಿದ್ದಾಗಲೇ. ಎರಡು ಸಲವೂ ಹಿಡಿದುಬಿಟ್ಟರು! "ಅರ್ಜೆಂಟ್ ಮಾಡ್ಕೊಂಡರೆ ಹೀಗೇ ಆಗೋದು" ಎಂದು ನನಗೇ ಬುದ್ಧಿ ಹೇಳಿದರು. ಬುದ್ಧಿ ಹೇಳಿಸಿಕೊಂಡು ಅಷ್ಟು ಖುಷಿಪಟ್ಟಿದ್ದು ಜೀವನದಲ್ಲಿ ಅದೇ ಮೊದಲು.

ಮಾವನ ದಾರಿ ಬೇರೆ. ಅವರು ಬೇಸಿಗೆ ಐಸೋಫಿಕ್ಸೂ (ಕಾರಿನ ಸೀಟಿನೊಳಗಿನ ಕಂಬಿಗೆ ಸಿಕ್ಕಿಸೋ ಕೊಂಡಿ) ಹಾಕಿ, ಕಾರಿನ ಬೆಲ್ಟೂ ಸುತ್ತಿದ್ದರು. ಡಬಲ್ ಗಟ್ಟಿ ಅಂತೆ. ಐಸೋಫಿಕ್ಸ್ ಒಂದು ಕಡೆ ಪೂರ್ತಿ ಕೂತೇ ಇರಲಿಲ್ಲ, ಜೋಲಿ ಹೊಡೆಯುತ್ತಿದ್ದದ್ದು ಅದಕ್ಕೇ. ನಾನು ಮ್ಯಾನ್ಯುಯಲ್ ಕೈಗೆ ಕೊಟ್ಟು, "ಎರಡೂ ಹಾಕಬಹುದಾ ಮಾವ, ನಂಗೆ ಅರ್ಥ ಆಗ್ತಿಲ್ಲ" ಎಂದೆ. ಅರ್ಧ ಗಂಟೆಯಲ್ಲಿ ಯಾವುದಾದರೂ ಒಂದೇ ಅಂತ ಅವರೇ ಹುಡುಕಿ ತಂದರು. ಈಗ ವಾರಕ್ಕೊಮ್ಮೆ ಬೆಲ್ಟ್ ಹಾಯುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಲ್ಲ ಎಂದು ನನಗೆ ವರದಿ ಒಪ್ಪಿಸುತ್ತಾರೆ.

"ಮಗು ಯಾಕೆ ಹಿಂದಕ್ಕೆ ಮುಖ ಮಾಡಿ ಕೂರಬೇಕು, ಪಾಪ ಏನೂ ಕಾಣಲ್ಲ" ಎಂಬ ಅವರ ತಕರಾರಿಗೆ ಬರ್ಟಿಲ್ ಆಲ್ಡ್‌ಮನ್ ಕಥೆ ಹೇಳಿದೆ. ಸ್ವೀಡನ್ನಿನ ಈ ಡಾಕ್ಟರ್ ಅಮೆರಿಕದ ಜೆಮಿನಿ ಗಗನನೌಕೆಯ ಯಾತ್ರಿಗಳಿಗೆಂದು ಮಾಡಿದ, ಬೆನ್ನಿಗೆ ಒರಗಿ ಕೂರೋ ಸೀಟನ್ನು ನೋಡಿ, ಮಕ್ಕಳನ್ನೂ ಹೀಗೇ ಕೂರಿಸಿದರೆ ಏಟು ಇಡೀ ಬೆನ್ನಿಗೆ ಹಂಚಿಹೋಗುತ್ತೆ ಎಂದು 1964ರಲ್ಲಿ ಮೊದಲ ಮಾದರಿ ಮಾಡಿದರು. ಮಾವನಿಗೆ ರಾಕೆಟ್ ಅಂದರೆ ಪ್ರಾಣ. ಮೊಮ್ಮಗನನ್ನು ಕೂರಿಸುವಾಗ ಈಗ ಕೌಂಟ್‌ಡೌನ್ ಬೇರೆ ನಡೆಯುತ್ತದೆ.

ಇದೇ ಉಪಾಯವನ್ನು ಗೆಳತಿಯೊಬ್ಬಳ ಮೇಲೆ ಪ್ರಯೋಗಿಸಲು ಹೋಗಿ ಸೋತೆ. ಅವಳ ಮಗುವಿನ ಫೋಟೋದಲ್ಲಿ ಕ್ಲಿಪ್ ಹೊಟ್ಟೆಯ ಮೇಲಿತ್ತು. ಎಲ್ಲರೂ ಇರುವ ಗ್ರೂಪಿನಲ್ಲೇ ನಯವಾಗಿ ಕೇಳಿದೆ. ಅವಳು ಫೋಟೋ ತೆಗೆದುಹಾಕಿ ಗ್ರೂಪೂ ಬಿಟ್ಟಳು. ಒಬ್ಬಳಿಗೇ ಫೋನ್ ಮಾಡಿ, ನನ್ನ ತಿರುಚಿದ ಪಟ್ಟಿಯ ಕಥೆಯಿಂದ ಶುರು ಮಾಡಬೇಕಿತ್ತು. ಕ್ಲಿಪ್ ಈಗ ಎಲ್ಲಿದೆಯೋ ಗೊತ್ತಿಲ್ಲ, ಇನ್ನೊಮ್ಮೆ ಫೋನ್ ಮಾಡಲೇಬೇಕು.

ಅತ್ತೆ ಜೊತೆಗೂ ಒಂದು ಬಾಕಿ ಇದೆ. ದಾರಿಯಲ್ಲಿ ಮಗು ನಿದ್ದೆಹೋದರೆ ಸೀಟ್ ಸಮೇತ ಎತ್ತಿ ತಂದು ಹಾಲಿನಲ್ಲಿ ಇಟ್ಟುಬಿಡುತ್ತಾರೆ. ಮನೆಯಲ್ಲಿ ಹಾಗೆ ಮಲಗಿಸಬಾರದು, ಗದ್ದ ಎದೆಗೆ ಬಿದ್ದು ಉಸಿರಿನ ದಾರಿ ಮುಚ್ಚಬಹುದು. ಆದರೆ ನಿದ್ದೆ ಮಾಡೋ ಮಗುವನ್ನು ಎಬ್ಬಿಸೋದು ಅವರ ಪ್ರಕಾರ ಮಹಾಪಾಪ. ಸದ್ಯಕ್ಕೆ ಅವರು ಒಳಗೆ ಬಂದ ಕೂಡಲೇ ಫೋನ್ ಮಾಡುತ್ತಾರೆ, ಮಗುವನ್ನು ಹಾಸಿಗೆಗೆ ಹಾಕುವ ತನಕ ನಾನು ಫೋನ್ ಇಡಲ್ಲ. ನಿನ್ನೆ ಅತ್ತೆ, "ಎದ್ದರೆ ನೀನೇ ಬಂದು ಮಲಗಿಸು" ಎಂದು ಹೇಳಿಯೇ ಎತ್ತಿದರು.