ಪದ್ಮಿನಿಗೆ ಘಟ್ಟದಲ್ಲಿ ಪೆಟ್ರೋಲ್ ಸಾಲದಾದಾಗ

ನಮ್ಮ ಹಳೇ ಕಾರು ಪ್ರೀಮಿಯರ್ ಪದ್ಮಿನಿ, ಶಿರಸಿ ರಸ್ತೆಯಲ್ಲಿ ಕುಮಟಾದಿಂದ ಕತಗಾಲದವರೆಗೆ ಚೆನ್ನಾಗಿಯೇ ಓಡುತ್ತಿತ್ತು. ದೇವಿಮನೆ ಘಟ್ಟ ಶುರುವಾಗಿ ಆಕ್ಸಿಲರೇಟರ್ ಒತ್ತಿ ಹಿಡಿದರೆ ಸಾಕು, ಸ್ವಲ್ಪ ಹೊತ್ತಿಗೆ ಜರ್ಕ್ ಹೊಡೆದು ನಿಂತುಬಿಡುತ್ತಿತ್ತು. ಸ್ವಲ್ಪ ಕಾದು ಸೆಲ್ಫ್ ಹೊಡೆದರೆ ಮತ್ತೆ ಸ್ಟಾರ್ಟ್. ನಾಲ್ಕು ತಿರುವು ಹತ್ತಿದ ಮೇಲೆ ಮತ್ತದೇ ಕಥೆ. ಬೆಳಿಗ್ಗೆ ಹೊತ್ತು ಸೆಲ್ಫ್ ಕೂಡ ಜಾಸ್ತಿ ಹೊಡೆಯಬೇಕಾಗುತ್ತಿತ್ತು.

ಇದಕ್ಕೆ ಎಲ್ಲರೂ ಹೇಳುವ ಮದ್ದು, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು. ಬಿಸಿಗೆ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯದೇ ಇರುವುದು ನಿಜ. ಏಪ್ರಿಲ್ ಬಿಸಿಲಲ್ಲಿ ನಾನೂ ಬಟ್ಟೆ ಸುತ್ತಿದವನೇ. ಆದರೆ ಈ ಸಲ ಜಡಿಮಳೆ, ಬಾನೆಟ್ ಮೇಲೆ ಕೈ ಇಟ್ಟರೆ ತಣ್ಣಗೆ. ಆಗಲೂ ನಿಂತಿತು. ಹಾಗಾಗಿ ಬಿಸಿಯ ಅನುಮಾನ ಬಿಟ್ಟೆ. ಎಷ್ಟೋ ಸಲ ಗಾಡಿ ಸ್ಟಾರ್ಟ್ ಆಗುವುದು ಬಟ್ಟೆಯಿಂದಲ್ಲ, ಬಟ್ಟೆ ಸುತ್ತಿ ಕಾದಿದ್ದಕ್ಕೆ.

ಶಿರಸಿಯ ಗ್ಯಾರೇಜಿನ ಹುಡುಗ ಸ್ಪ್ಯಾನರ್ ಹಿಡಿದೇ ಕೇಳಿದ, ‘ಕಾರ್ಬೊರೇಟರ್ ಇಳ್ಸಿ ಸರ್ವಿಸ್ ಮಾಡಿಬಿಡ್ವಾ ಹೆಗಡೇರೆ?’ ಬೇಡ ಅಂದೆ. ನನ್ನ ಪ್ರಕಾರ, ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಈ ಕಾರ್ಬೊರೇಟರ್ ಬಿಚ್ಚುವುದು ಕಟ್ಟಕಡೆಯ ಕೆಲಸ. ಅಲ್ಲಿಗೆ ಪೆಟ್ರೋಲೇ ಬರುತ್ತಿಲ್ಲ ಎಂದಾದರೆ ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್, ಎಷ್ಟು ಊದಿ ಏನು ಪ್ರಯೋಜನ? ಸರಿಯಿದ್ದ ಸೆಟ್ಟಿಂಗ್ ಮಾತ್ರ ಕೆಡುತ್ತದೆ.

ಗಾಡಿ ನಿಂತ ಜಾಗದಲ್ಲೇ ಮಾಡುವ ಪರೀಕ್ಷೆ ಎರಡು. ಇಂಜಿನ್ ಆಫ್ ಇದ್ದಾಗ ಏರ್ ಫಿಲ್ಟರ್ ತೆಗೆದು, ಕಾರ್ಬೊರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು, ಥ್ರಾಟಲ್ ಲಿವರ್ ಕೈಯಿಂದ ಎಳೆಯಬೇಕು. ಸಣ್ಣ ನಳಿಗೆಯಿಂದ ಪೆಟ್ರೋಲ್ ಚಿಮ್ಮಿದರೆ ಕಾರ್ಬೊರೇಟರಿನ ಬೌಲಿನಲ್ಲಿ (ಪೆಟ್ರೋಲ್ ನಿಲ್ಲುವ ಬಟ್ಟಲು) ಪೆಟ್ರೋಲ್ ಇದೆ, ಕಿಡಿ ಕೊಡುವ ಕಾಯಿಲ್, ಪಾಯಿಂಟ್ ನೋಡಿ ಎಂದರ್ಥ. ನನಗೆ ಹನಿಯೂ ಬರಲಿಲ್ಲ. ಇನ್ನೊಂದು, ಟ್ಯಾಂಕ್ ಮುಚ್ಚಳ. ಅದರ ಗಾಳಿತೂತು ಕಟ್ಟಿದ್ದರೆ ತೆರೆದಾಗ ಸುಸ್ ಎಂದು ಗಾಳಿ ಒಳಗೆ ನುಗ್ಗುತ್ತದೆ. ಅದೂ ಇರಲಿಲ್ಲ.

ಉಳಿದದ್ದನ್ನು ಮನೆಯಂಗಳದಲ್ಲಿ ಮಾಡಿದೆ. ಇಂಜಿನ್ ಪೂರ್ತಿ ತಣಿದಿರಬೇಕು. ಕಿಡಿ ಹಾರದ ಹಾಗೆ ಕಾಯಿಲ್ ವೈರ್ ಕಿತ್ತು ಗಾಡಿಯ ಲೋಹಕ್ಕೆ ತಾಗಿಸಿ ಅರ್ಥ್ ಮಾಡಬೇಕು. ಬೀಡಿ, ಸಿಗರೇಟಿನವರು ಹತ್ತಿರ ಸುಳಿಯಬಾರದು. ಕಾರ್ಬೊರೇಟರ್ ಕಡೆಯ ಪೈಪು ಬಿಚ್ಚಿ ಗಾಜಿನ ಬಾಟಲಿಗೆ ಬಿಟ್ಟು ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಪಂಪ್ ಒಳ್ಳೆಯದಿದ್ದರೆ ಪೆಟ್ರೋಲ್ ಪಿಚಕ್ ಪಿಚಕ್ ಎಂದು ದಪ್ಪವಾಗಿ ಬೀಳಬೇಕು. ಬಿದ್ದದ್ದು ಅರ್ಧ ಪೆಟ್ರೋಲ್, ಅರ್ಧ ನೊರೆ.

ಪಂಪ್ ಹೋಗಿದೆ ಎಂದು ಹೊಸದು ತರುವ ಮೊದಲು ಮಾಡಲೇಬೇಕಾದದ್ದು ಕ್ಯಾನ್ ಪರೀಕ್ಷೆ. ಟ್ಯಾಂಕಿನಿಂದ ಬರುವ ಲೈನನ್ನು ಪಂಪಿನಿಂದ ಕಳಚಿ, ಅಲ್ಲಿಗೆ ಬೇರೊಂದು ಪೈಪು ಹಾಕಿ, ಅದರ ತುದಿಯನ್ನು ಪೆಟ್ರೋಲ್ ಕ್ಯಾನಿನಲ್ಲಿ ಮುಳುಗಿಸಿದೆ. ಅದೇ ಪಂಪ್ ನೊರೆಯಿಲ್ಲದೆ ಗಟ್ಟಿ ಧಾರೆ ಕೊಟ್ಟಿತು! ಅಲ್ಲಿಗೆ ಪಂಪು, ಅದರೊಳಗಿನ ಪೊರೆ (ಡಯಾಫ್ರಮ್) ಎರಡೂ ಸರಿ. ತೊಂದರೆ ಇರುವುದು ಹಿಂದೆ.

ಟ್ಯಾಂಕಿನ ಹತ್ತಿರ ಒಂದು ಗಿಡ್ಡ ರಬ್ಬರ್ ಪೈಪಿತ್ತು. ನೋಡಲು ಏನೂ ಆಗಿರಲಿಲ್ಲ. ಕೆಳಗೆ ಹನಿ ಇಲ್ಲ, ವಾಸನೆ ಇಲ್ಲ. ಬೆರಳಲ್ಲಿ ಬಗ್ಗಿಸಿದಾಗ ಕ್ಲಿಪ್ಪಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಪಂಪಿನ ಹಿಂದಿನ ಪೈಪಿನಲ್ಲಿ ಇರುವುದು ಎಳೆತ, ಒತ್ತಡ ಅಲ್ಲ. ಅಲ್ಲಿ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಬರುತ್ತದೆ. ರಾತ್ರಿ ಆ ಗಾಳಿಯಿಂದಲೇ ಲೈನಿನ ಪೆಟ್ರೋಲ್ ಟ್ಯಾಂಕಿಗೆ ಇಳಿದುಹೋಗುತ್ತದೆ, ಬೆಳಿಗ್ಗೆ ಸೆಲ್ಫ್ ಜಾಸ್ತಿ ಬೇಕಾಗುತ್ತದೆ. ಸಪಾಟು ರಸ್ತೆಯಲ್ಲಿ ಬಂದಷ್ಟು ಪೆಟ್ರೋಲ್ ಸಾಕಾಗುತ್ತದೆ. ಘಟ್ಟದಲ್ಲಿ ಇಂಜಿನ್ ಕುಡಿಯುವುದೂ ಜಾಸ್ತಿ, ಹಿಂದಿನ ಟ್ಯಾಂಕ್ ಪಂಪಿಗಿಂತ ಇನ್ನೂ ಕೆಳಗಾಗುತ್ತದೆ. ಬೌಲ್ ಖಾಲಿ.

ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದಲ್ವಾ, ಹಳೇ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಹೊಸ ಪೈಪು ತರುವಾಗ ಮೇಲೆ ‘ಎಸ್‌ಎಇ ಜೆ30 ಆರ್9’ ಎಂದು ಅಚ್ಚಾಗಿದೆಯಾ ನೋಡಿ. ಅದು ಎಥನಾಲನ್ನು ತಾಳಿಕೊಳ್ಳುತ್ತದೆ.

ಟ್ಯಾಂಕನ್ನೂ ಬಸಿದೆ. ನಮ್ಮ ಕಡೆಯ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ನೀರು ಕಟ್ಟುತ್ತದೆ, ಎಥನಾಲ್ ಕೂಡ ತೇವ ಹೀರುತ್ತದೆ. ಬಾಟಲಿಯ ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು, ಅದರಡಿ ಕಂದು ತುಕ್ಕಿನ ಪುಡಿ. ಅದಕ್ಕೇ ಪಂಪಿನ ಮುಂಚೆ ಪಾರದರ್ಶಕ ಫಿಲ್ಟರ್ ಹಾಕಿದೆ. ಇಂಜಿನ್ ಓಡುವಾಗ ಅದರಲ್ಲಿ ಗುಳ್ಳೆ ಸಾಲಾಗಿ ಬಂದರೆ ಮತ್ತೆ ಎಲ್ಲೋ ಗಾಳಿ ಸೇರುತ್ತಿದೆ ಎಂದೇ ಲೆಕ್ಕ. ಟ್ಯಾಂಕ್ ತೊಳೆದ ಮೇಲೆ ಮೊದಲ ಫಿಲ್ಟರ್ ಬೇಗ ಕಟ್ಟುತ್ತದೆ, ಡಿಕ್ಕಿಯಲ್ಲಿ ಇನ್ನೊಂದು ಇಟ್ಟುಕೊಂಡಿರಿ.

ಕೆಲವರು ಎಲೆಕ್ಟ್ರಿಕ್ ಪಂಪ್ ಹಾಕಿ ಅಂದರು. ಕಾರ್ಬೊರೇಟರ್ ಇಲ್ಲದ ಈಗಿನ ಇಂಜೆಕ್ಷನ್ ಕಾರಿನ ಪಂಪನ್ನಂತೂ ಹಾಕಬೇಡಿ. ಅದರ ಪ್ರೆಷರಿಗೆ, ಬೌಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟಿನ ನೀಡಲ್ ವಾಲ್ವ್ ನಿಲ್ಲುವುದಿಲ್ಲ, ಪೆಟ್ರೋಲ್ ಉಕ್ಕಿ ಬಿಸಿ ಇಂಜಿನ್ ಮೇಲೆ ಬೀಳುತ್ತದೆ.

ಈಗ ಕತಗಾಲದಿಂದ ಘಟ್ಟದ ಮೇಲಿನ ಬಂಡಲದವರೆಗೆ ಎಲ್ಲೂ ನಿಲ್ಲದೆ ಹತ್ತುತ್ತದೆ. ಕಾರ್ಬೊರೇಟರ್ ಇಳಿಸಲೇ ಇಲ್ಲ, ಬೌಲಿನ ಮುಚ್ಚಳ ತೆಗೆದು ತಳದ ಕಚರಾ ಒರೆಸಿದ್ದು ಮಾತ್ರ.