ಮಕ್ಕಳಿರುವಾಗ ಆರೋಗ್ಯ ಕ್ಷೇತ್ರದಲ್ಲಿ ಕೆಲಸ: ಕೋರ್ಸ್ ಆಮೇಲೆ, ಮೊದಲು ಡ್ಯೂಟಿ ಟೈಮ್ ನೋಡಿ

ಜಾಹೀರಾತಿನಲ್ಲಿ "ಫ್ಲೆಕ್ಸಿಬಲ್ ಟೈಮಿಂಗ್" ಅಂತ ಇದ್ದರೆ ಮೊದಲು ಕೇಳಬೇಕಾದ್ದು ಒಂದೇ: ಯಾರಿಗೆ ಫ್ಲೆಕ್ಸಿಬಲ್? ಬೇಕಾದಾಗ ನಿಮ್ಮನ್ನು ಕರೆಸಿಕೊಳ್ಳುವ ಅನುಕೂಲ ಆಸ್ಪತ್ರೆಗೆ ಇದ್ದರೂ ಹೀಗೇ ಬರೆಯುತ್ತಾರೆ. ಚಿಕ್ಕ ಮಕ್ಕಳ ತಾಯಿಗೆ ಎಷ್ಟೋ ಸಲ ಅದಕ್ಕಿಂತ ಮುಖ್ಯವಾದದ್ದು, ಮುಂದಿನ ವಾರ ಯಾವಾಗ ಡ್ಯೂಟಿ ಅಂತ ಇವತ್ತೇ ಗೊತ್ತಿರುವುದು.

ಹಾಗಾಗಿ ಕೋರ್ಸ್ ಹುಡುಕುವ ಮೊದಲು ನಿಮ್ಮ ಒಂದು ವಾರವನ್ನು ಗಂಟೆ ಲೆಕ್ಕದಲ್ಲಿ ಬರೆದುಕೊಳ್ಳಿ. ಮಗು ಸ್ಕೂಲಿನಲ್ಲಿರುವ ಹೊತ್ತು, ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತು, ನೀವೇ ಇರಲೇಬೇಕಾದ ಹೊತ್ತು. ಆಮೇಲೆ ಒಂದೊಂದು ಕೆಲಸದ ಟೈಮನ್ನೂ ಅದರ ಪಕ್ಕ ಇಟ್ಟು ನೋಡಿ.

ಲ್ಯಾಬಿಗೆ ರಕ್ತದ ಸ್ಯಾಂಪಲ್ ತೆಗೆಯುವ ಕೆಲಸ, ಅಂದರೆ ಫ್ಲೆಬಾಟಮಿ, ಬೆಳಗಿನ ಕೆಲಸ. ಫಾಸ್ಟಿಂಗ್ ಟೆಸ್ಟ್‌ಗೆ ಜನ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ, ಹಾಗಾಗಿ ರಶ್ ಎಲ್ಲ ಮುಂಜಾನೆಯೇ. ಮಕ್ಕಳನ್ನು ಸ್ಕೂಲಿಗೆ ಕಳಿಸಲು ಮನೆಯಲ್ಲಿ ಯಾರಾದರೂ ಇದ್ದರೆ ಒಳ್ಳೆಯದು, ಮಧ್ಯಾಹ್ನ ಅವರು ಬರುವ ಹೊತ್ತಿಗೆ ನೀವೂ ಮನೆಯಲ್ಲಿರಬಹುದು. ಕಳಿಸುವವರು ನೀವೊಬ್ಬರೇ ಆದರೆ ಇದನ್ನು ಬಿಟ್ಟುಬಿಡಿ.

ಡಯಾಲಿಸಿಸ್ ಟೆಕ್ನಿಷಿಯನ್ ಕೆಲಸ ಬೇರೆ ಥರ. ಸಾಮಾನ್ಯವಾಗಿ ರೋಗಿಗಳು ವಾರಕ್ಕೆ 3 ಸಲ ಬರುತ್ತಾರೆ, ಒಂದು ಸಲಕ್ಕೆ ಸುಮಾರು 4 ಗಂಟೆ. ಯಾರು ಯಾವ ದಿನ ಅಂತ ಮೊದಲೇ ನಿಗದಿ ಆಗಿರುವುದರಿಂದ ನಿಮ್ಮ ಡ್ಯೂಟಿಯೂ ಮೊದಲೇ ಗೊತ್ತಿರುತ್ತದೆ. ಆದರೆ ಮಗುವಿಗೆ ಜ್ವರ ಬಂತು ಅಂತ ರೋಗಿಯನ್ನು ನಾಳೆ ಬನ್ನಿ ಅನ್ನಲು ಆಗಲ್ಲ, ನಿಮ್ಮ ಬದಲಿಗೆ ಯಾರಾದರೂ ನಿಲ್ಲಲೇಬೇಕು.

ವಾರ್ಡ್ ನರ್ಸಿಂಗ್‌ನಲ್ಲಿ 12 ಗಂಟೆಯ ಶಿಫ್ಟ್ ಇರುವ ಕಡೆ ವಾರಕ್ಕೆ 3 ದಿನ ಹೋದರೆ 36 ಗಂಟೆ ಆಯಿತು, 4 ದಿನ ಮನೆ. ಕೇಳಲು ಚೆನ್ನಾಗಿದೆ. ಆದರೆ ನೈಟ್ ಡ್ಯೂಟಿ ಮುಗಿಸಿ ಬಂದ ದಿನವನ್ನು ರಜೆ ಅಂತ ಎಣಿಸಬೇಡಿ, ಅದು ನಿದ್ದೆಯ ದಿನ, ಮತ್ತು ಆ ನಿದ್ದೆಗೆ ಮಕ್ಕಳು ಬಿಡಬೇಕಲ್ವಾ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ನೈಟ್ ಶಿಫ್ಟನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವ ಗುಂಪಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಆದ್ದರಿಂದ ಸಂಬಳ ಜಾಸ್ತಿ ಅಂತ ವರ್ಷಗಟ್ಟಲೆ ಬರೀ ನೈಟ್ ಒಪ್ಪಿಕೊಳ್ಳುವ ಮೊದಲು ಯೋಚಿಸಿ. ನರ್ಸಿಂಗ್ ಓದಿದವರು ಹೊರರೋಗಿ ವಿಭಾಗ, ಡೇ ಕೇರ್ ಸರ್ಜರಿ, ಸ್ಕೂಲ್ ನರ್ಸ್ ಕೆಲಸಗಳನ್ನೂ ವಿಚಾರಿಸಿ.

ಇನ್ನು ಎಲ್ಲರೂ ಕೇಳುವುದು ಮನೆಯಿಂದಲೇ ಮಾಡುವ ಕೆಲಸ. ಮೆಡಿಕಲ್ ಕೋಡಿಂಗ್ ಅಂದರೆ ರೋಗಿಯ ದಾಖಲೆ ಓದಿ, ಕಾಯಿಲೆಗೂ ಚಿಕಿತ್ಸೆಗೂ ಸರಿಯಾದ ಕೋಡ್ ಹಾಕುವುದು. ಅಮೆರಿಕದ ಬಿಲ್ಲಿಂಗ್‌ಗೆ ಕೆಲಸ ಮಾಡುವವರು ಬರೆಯುವ ಸಿಪಿಸಿ (ಸರ್ಟಿಫೈಡ್ ಪ್ರೊಫೆಷನಲ್ ಕೋಡರ್) ಪರೀಕ್ಷೆಯಲ್ಲಿ 100 ಪ್ರಶ್ನೆ, 4 ಗಂಟೆ. ಅನುಭವ ಇಲ್ಲದೆ ಪಾಸಾದರೆ ಸರ್ಟಿಫಿಕೇಟಿನ ಹೆಸರಿನ ಕೊನೆಗೆ ಕಲಿಕೆಯವರು ಅನ್ನುವ "ಎ" ಅಕ್ಷರ ಸೇರುತ್ತದೆ, ಅನುಭವ ತೋರಿಸಿದ ಮೇಲೆ ಅದು ಹೋಗುತ್ತದೆ. ಮೊದಲ ದಿನದಿಂದಲೇ ಮನೆಯಿಂದ ಕೆಲಸ ಸಿಗುತ್ತದೆ ಅಂತ ಕೋರ್ಸ್ ಮಾರುವವರನ್ನು ಅಷ್ಟು ಸುಲಭಕ್ಕೆ ನಂಬಬೇಡಿ, ಶುರುವಿನಲ್ಲಿ ಆಫೀಸಿಗೆ ಬನ್ನಿ ಅನ್ನುವವರೇ ಹೆಚ್ಚು. ಮತ್ತೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮಾಡುವ ಕೆಲಸವೂ ಇದಲ್ಲ: ದಿನಕ್ಕೆ ಇಷ್ಟು ಚಾರ್ಟ್, ಇಷ್ಟು ಕರಾರುವಾಕ್ಕು ಅಂತ ಟಾರ್ಗೆಟ್ ಇರುತ್ತದೆ, ಪರದೆ ಮೇಲಿರುವುದು ಯಾರದ್ದೋ ಖಾಸಗಿ ದಾಖಲೆ, ಮನೆಯವರೂ ಇಣುಕುವಂತಿಲ್ಲ, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕು. ಡಾಕ್ಟರ್ ಹೇಳಿದ್ದನ್ನು ಕೇಳಿ ಟೈಪ್ ಮಾಡುವ ಟ್ರಾನ್ಸ್‌ಕ್ರಿಪ್ಷನ್ ಕಲಿಯಲು ಹೊಸದಾಗಿ ದುಡ್ಡು ಹಾಕಬೇಡಿ. ಡಾಕ್ಟರ್ ಮಾತನ್ನು ಈಗ ಸಾಫ್ಟ್‌ವೇರೇ ಬರೆಯುತ್ತದೆ, ಜನರಿಗೆ ಉಳಿದಿರುವುದು ಹೆಚ್ಚಾಗಿ ತಿದ್ದುವ ಕೆಲಸ.

ಫಾರ್ಮಸಿ, ನರ್ಸಿಂಗ್, ಡೆಂಟಲ್ ಓದಿದವರಿಗೆ ಫಾರ್ಮಕೋವಿಜಿಲೆನ್ಸ್ ಇದೆ, ಔಷಧಿಯ ಅಡ್ಡಪರಿಣಾಮಗಳ ವರದಿ ನೋಡುವುದು. ಕೂತು ಮಾಡುವ ಕೆಲಸ ನಿಜ, ಆದರೆ ಇಲ್ಲೂ ಗಡುವು ಇದೆ. ಔಷಧಿ ಪ್ರಯೋಗದಲ್ಲಿ ನಿರೀಕ್ಷಿಸದ ರೀತಿ ಜೀವಕ್ಕೆ ಅಪಾಯ ಆದರೆ, ಅಂತರರಾಷ್ಟ್ರೀಯ ನಿಯಮದ ಪ್ರಕಾರ 7 ದಿನದೊಳಗೆ ತಿಳಿಸಬೇಕು.

ಫಿಸಿಯೋಥೆರಪಿ, ಸ್ಪೀಚ್ ಥೆರಪಿ, ಡಯಟ್ ಸಲಹೆ ಮಾಡುವವರಿಗೆ ನಿಜವಾದ ಸ್ವಾತಂತ್ರ್ಯ ಇದೆ, ಅಪಾಯಿಂಟ್‌ಮೆಂಟ್ ಕೊಡುವವರು ನೀವೇ. ರೋಗಿ ಬರದಿದ್ದರೆ ದುಡ್ಡೂ ಇಲ್ಲ ಅನ್ನುವುದು ಅದರ ಇನ್ನೊಂದು ಮುಖ. ಆನ್‌ಲೈನ್‌ನಲ್ಲಿ ಬೇರೆ ಊರು, ಬೇರೆ ದೇಶದವರನ್ನು ನೋಡುವುದಾದರೆ ರೋಗಿ ಇರುವ ಜಾಗದ ಲೈಸೆನ್ಸ್ ಬೇಕಾ ಅಂತ ಮೊದಲೇ ವಿಚಾರಿಸಿ. ಮಗು ಹುಟ್ಟಿದಾಗ ಕೆಲಸ ಬಿಟ್ಟವರೂ ನಿಮ್ಮ ವೃತ್ತಿಯ ರಿಜಿಸ್ಟ್ರೇಷನ್ ಮಾತ್ರ ರಿನ್ಯೂ ಮಾಡಿಸುತ್ತಾ ಇರಿ.

ಇಂಟರ್‌ವ್ಯೂನಲ್ಲಿ ಸಂಕೋಚ ಬೇಡ. ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಯಾರು ಹಾಕುತ್ತಾರೆ, ಎಷ್ಟು ದಿನ ಮೊದಲು ಕೈಗೆ ಬರುತ್ತದೆ, ಶಿಫ್ಟ್ ಅದಲು ಬದಲು ಮಾಡಿಕೊಳ್ಳಬಹುದಾ, ಕರೆದರೆ ಬರಲು ಸಿದ್ಧವಿರಬೇಕಾದ (ಆನ್-ಕಾಲ್) ದಿನಕ್ಕೆ ಸಂಬಳ ಇದೆಯಾ? ಆಮೇಲೆ ಅಲ್ಲೇ ಕೆಲಸ ಮಾಡುವ ಒಬ್ಬ ತಾಯಿಯನ್ನು ಹುಡುಕಿ ಇದೇ ಪ್ರಶ್ನೆ ಕೇಳಿ, ಉತ್ತರ ಎರಡೂ ಕಡೆ ಒಂದೇ ಇದ್ದರೆ ಸರಿ.

ತುಂಬಾ ಜನ ಮರೆಯುವುದು ತರಬೇತಿಯ ಸಮಯ. ಕೆಲಸ ಪಾರ್ಟ್ ಟೈಮ್ ಇರಬಹುದು, ಅದಕ್ಕಿಂತ ಮೊದಲಿನ ಆಸ್ಪತ್ರೆ ಟ್ರೈನಿಂಗ್ ಅವರು ಹೇಳಿದ ಹೊತ್ತಿಗೇ ಇರುತ್ತದೆ, ಆ ತಿಂಗಳುಗಳಿಗೆ ಮಕ್ಕಳನ್ನು ನೋಡಿಕೊಳ್ಳುವವರನ್ನು ಈಗಲೇ ಗೊತ್ತು ಮಾಡಿ. ರಕ್ತ ಮುಟ್ಟುವ ಕೆಲಸವಾದರೆ ಹೆಪಟೈಟಿಸ್ ಬಿ ಲಸಿಕೆಯೂ ಬೇಕು. ಸಾಮಾನ್ಯವಾಗಿ 3 ಡೋಸ್, ಮೊದಲ ಡೋಸ್ ಆದ 1 ತಿಂಗಳಿಗೆ ಎರಡನೆಯದು, ಅದೇ ಮೊದಲ ಡೋಸಿನಿಂದ ಲೆಕ್ಕ ಹಾಕಿ 6 ತಿಂಗಳಿಗೆ ಮೂರನೆಯದು. ಮೊದಲೇ ಹಾಕಿಸಿಕೊಂಡಿಲ್ಲದಿದ್ದರೆ ಕೋರ್ಸ್ ಸೇರುವ ವಾರವೇ ಶುರು ಮಾಡಿ.